ಒಂದಕ್ಷರವೂ ಬಿಡುವುದಿಲ್ಲ

ಪ್ರಕಾಶಕರ ಫೋನು ಬಂದಾಗ ಸಲೂನಿನವನ ಕೈಯಲ್ಲಿ ಕತ್ತಿ ಇತ್ತು, ಕತ್ತಿಯ ಕೆಳಗೆ ನಿವೃತ್ತ ಹೆಡ್‌ಮಾಸ್ತರರ ಮುಖ ಇತ್ತು. ಅಂಥ ಹೊತ್ತಿನಲ್ಲಿ ಫೋನು ಎತ್ತಬಾರದು, ನಿಜ. ಆದರೆ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕೂತು, ಹನ್ನೆರಡು ವರ್ಷ ತೇದು, ಮೂರು ಸಂಪುಟದ ಮಾಯಾಲೋಕದ ಕಾದಂಬರಿ ಬರೆದವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಗಿರಾಕಿಗಳು ಅವನನ್ನು ‘ಕಾದಂಬರಿ’ ಎಂದೇ ಕರೆಯುತ್ತಿದ್ದರು. ಅರ್ಧ ಮೆಚ್ಚುಗೆ, ಅರ್ಧ ಕೀಟಲೆ.

“ಮುಖಪುಟ ಇವತ್ತೇ ಅಚ್ಚಿಗೆ ಹೋಗ್ಬೇಕು. ನೀವಿಟ್ಟ ಹೆಸರುಗಳು ರೈಲಿನಷ್ಟು ಉದ್ದ ಇವೆ. ನಾನೇ ಮೂರು ಇಟ್ಟಿದ್ದೀನಿ, ಕೇಳಿ. ರಕ್ತಕಿರೀಟ, ರಕ್ತಖಡ್ಗ, ರಕ್ತಸಿಂಹಾಸನ.”

“ಸ್ವಾಮೀ, ಮೂರು ಪುಸ್ತಕ ಹಿಂಡಿದ್ರೂ ಒಂದು ತೊಟ್ಟು ರಕ್ತ ಬರಲ್ಲ! ಅದು ರಾಜನ ಮೇಲೆ ಮುನಿಸ್ಕೊಂಡು ಎದ್ದುಹೋದ ಬೆಟ್ಟದ ಕತೆ!”

“ಒಳಗಿಲ್ದಿದ್ರೆ ಹೊರಗಾದ್ರೂ ಇರ್ಲಿ ಬಿಡಿ. ಐದು ಗಂಟೆಯೊಳಗೆ ಹೇಳಿ.”

ಕಾದಂಬರಿಗೆ ಕೋಪ ನೆತ್ತಿಗೇರಿತು, ಕೈ ಜಾರಿತು. ಮಾಸ್ತರರ ಮೀಸೆಯ ಎಡಭಾಗ ಮಡಿಲಿಗೆ ಬಿತ್ತು.

“ಅಯ್ಯೋ ಪಾಪಿ! ನಲವತ್ತು ವರ್ಷದ ಮೀಸೆ ಕಣೋ!”

“ರಕ್ತ ಬರ್ಲಿಲ್ಲ ತಾನೇ ಮೇಷ್ಟ್ರೇ?” ಎಂದ ಕಾದಂಬರಿ. ಅವನ ತಲೆಯಲ್ಲಿ ಆಗ ಬೇರೇನೂ ಇರಲಿಲ್ಲ.

ಅರ್ಧ ಮೀಸೆ ಹೊತ್ತು ಬೀದಿಗಿಳಿಯುವುದು ಹೇಗೆ? ಮಾಸ್ತರರು ಮೂಗಿನ ಕೆಳಗೆ ಟವೆಲ್ ಕಟ್ಟಿಕೊಂಡು ಅಲ್ಲೇ ಠಿಕಾಣಿ ಹೂಡಿದರು. ಕಾದಂಬರಿ ಸಾಬೂನು ತೆಗೆದುಕೊಂಡು ಕನ್ನಡಿಯ ಮೇಲೆ ತನ್ನ ಮೂರು ಹೆಸರುಗಳನ್ನು ಬರೆದ: ‘ರಾಜನ ಮಾತು ಕೇಳದೆ ಎದ್ದು ನಡೆದ ಬೆಟ್ಟ’, ‘ಬೆಟ್ಟ ಹೋದ ಮೇಲೆ ಬಯಲಲ್ಲಿ ಉಳಿದವರ ಪಾಡು’, ‘ಮುನಿಸು ಮುಗಿದ ಬೆಟ್ಟ ಮನೆಗೆ ಬಂದ ದಾರಿ’. ಆಮೇಲೆ ಬಂದ ಗಿರಾಕಿಗಳು ಪದಗಳ ಸಂದಿಯಲ್ಲಿ ತಮ್ಮ ಮುಖ ಹುಡುಕಿಕೊಳ್ಳಬೇಕಾಯಿತು.

“ಬರೀ ‘ಬೆಟ್ಟ’ ಅಂತ ಇಡೋ,” ಟವೆಲ್ಲಿನೊಳಗಿಂದ ಮಾಸ್ತರರು ಗೊಣಗಿದರು.

ಪಕ್ಕದಂಗಡಿಯ ದರ್ಜಿ ಟೇಪು ಹಿಡಿದು ಬಂದು ಕನ್ನಡಿಯನ್ನೇ ಅಳೆದ. “ಎರಡು ಗೇಣು ಹೆಚ್ಚಾಯ್ತಪ್ಪ. ಒಳಕ್ಕೆ ಮಡಚಿ ಹೊಲಿಯೋಕೆ ಇದೇನು ಪ್ಯಾಂಟೇ?”

ಊಟ ತಂದ ಹೆಂಡತಿಯೂ ಬಿಡಲಿಲ್ಲ. “ಊರವರ ತಲೆಯೆಲ್ಲ ಕತ್ತರಿಸ್ತೀರಿ, ಎರಡು ಪದ ಕತ್ತರಿಸೋಕೆ ಇಷ್ಟು ಒದ್ದಾಟವೇನ್ರೀ?”

“ಕೂದಲು ಮತ್ತೆ ಬೆಳೆಯುತ್ತೆ ಕಣೇ! ಪದ ಬೆಳೆಯುತ್ತಾ?”

ಅವಳು ಬುತ್ತಿ ಕೆಳಗಿಟ್ಟು ಹೊರಟುಹೋದಳು. ಅನ್ನ ಆರಿ ತಣ್ಣಗಾಯಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಕಾದಂಬರಿ ಎದೆಸೆಟೆಸಿ ಫೋನು ಹಚ್ಚಿದ. “ನಾನಿಟ್ಟ ಹೆಸರುಗಳೇ ಇರ್ಬೇಕು. ಒಂದಕ್ಷರ ಕಮ್ಮಿಯಾದ್ರೂ ನನ್ನ ಕತೆ ವಾಪಸ್ ಕೊಡಿ! ಅಕ್ಷರಾನೂ ದಪ್ಪ ಇರ್ಬೇಕು, ಆಚೆ ರಸ್ತೇಲಿ ನಿಂತವರೂ ಓದೋ ಹಾಗೆ!”

ಆ ಕಡೆ ಒಂದು ನಿಟ್ಟುಸಿರು. “ಆಗ್ಲಿ ಮಾರಾಯ್ರೇ. ನಿಮ್ಮಿಷ್ಟ.”

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ದರ್ಜಿ ಎಲ್ಲರಿಗೂ ಚಹಾ ತರಿಸಿದ. ಅರ್ಧ ಗಂಟೆಯಲ್ಲಿ ಮೂರು ಮುಖಪುಟಗಳೂ ಫೋನಿಗೆ ಬಂದವು. ಅಬ್ಬಾ, ಒಂದೊಂದು ಅಕ್ಷರವೂ ಕುಂಬಳಕಾಯಿಯಷ್ಟು ದಪ್ಪ! ಕಾದಂಬರಿಯ ಕಣ್ಣು ತುಂಬಿ ಬಂತು.

ಮಾಸ್ತರರು ಕನ್ನಡಕ ಏರಿಸಿ ನೋಡಿದರು. “ಎಲ್ಲಾ ಸರಿ. ಬರೆದವನ ಹೆಸರೆಲ್ಲೋ?”

ಮೇಲೆ ಇಲ್ಲ, ಕೆಳಗೆ ಇಲ್ಲ, ಪುಸ್ತಕದ ಬೆನ್ನಿನ ಮೇಲೂ ಇಲ್ಲ. ಕಾದಂಬರಿ ಮತ್ತೆ ಫೋನು ಹಚ್ಚಿದ.

“ಜಾಗ ಎಲ್ಲಿದೆ ಹೇಳಿ?” ಎಂದರು ಪ್ರಕಾಶಕರು. “ಬೆಟ್ಟ ಎಲ್ಲಾನೂ ನುಂಗ್ಬಿಡ್ತು. ಈಗ್ಲೂ ಒಂದೊಂದರಲ್ಲಿ ಎರಡು ಪದ ಬಿಡಿ, ನಿಮ್ಮ ಹೆಸರು ಹಾಕ್ತೀನಿ. ಯಂತ್ರ ಓಡೋಕೆ ರೆಡಿ ಇದೆ, ಬೇಗ ಹೇಳಿ.”

ಅಂಗಡಿಗೆ ಅಂಗಡಿಯೇ ಅವನ ಬಾಯಿ ನೋಡುತ್ತಿತ್ತು. ಹನ್ನೆರಡು ವರ್ಷದಿಂದ ಕನಸಿನಲ್ಲಿ ಅವನು ಕಂಡಿದ್ದು ಮುಖಪುಟದ ಮೇಲೆ ತನ್ನ ಹೆಸರನ್ನೇ. ಆದರೂ ಕನ್ನಡಿಯ ಕಡೆ ತಿರುಗಿ ಆ ಮೂರು ಸಾಲುಗಳನ್ನು ಮತ್ತೊಮ್ಮೆ ಓದಿದ.

“ಒಂದಕ್ಷರವೂ ಬಿಡಲ್ಲ. ಓಡ್ಸಿ ಯಂತ್ರ!”

ಫೋನು ಇಟ್ಟ ಮೇಲೆ ಮಾಸ್ತರರು ಟವೆಲ್ ಸರಿಸಿ ಮೆಲ್ಲಗೆ ಕೆಮ್ಮಿದರು.

“ಹೇಗೂ ಹೆಸರಿಲ್ಲವಲ್ಲಪ್ಪಾ... ನಾನೇ ಬರೆದಿದ್ದು ಅಂತ ನಮ್ಮ ಬೀಗರ ಹತ್ರ ಹೇಳ್ಕೊಂಡ್ರೆ ನಿನಗೇನೂ ಬೇಜಾರಿಲ್ಲ ತಾನೇ?”