ಹವಾ ಸರಿ ಇಲ್ರಿ, ಮಾಸ್ತರ

ಹೆದರುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ, ಸ್ವಲ್ಪ ಬಿಡುವು ಸಿಕ್ಕರೆ ಸಾಕು. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋದವನು, ಹಾಕಿದೆನೋ ಇಲ್ಲವೋ ಎಂದು ಮರಳಿ ಬರುತ್ತೇನೆ. ಹಾಕಿದ್ದು ಖಾತ್ರಿಯಾದ ಮೇಲೆ, ಜಗ್ಗಿ ನೋಡುವ ಭರದಲ್ಲಿ ಬೀಗ ಸಡಿಲಾಯಿತೇನೋ ಎಂದು ಇನ್ನೊಮ್ಮೆ ಬರುತ್ತೇನೆ. ಬಸವಕಲ್ಯಾಣದ ಉಪನೋಂದಣಿ ಕಚೇರಿಯ ಎದುರು ಕುಳಿತು ಹೊಲಮನೆಗಳ ದಸ್ತಾವೇಜು ಬರೆಯುವುದು ನನ್ನ ಕಸುಬು. ನಾಲ್ಕು ಎಲ್ಲೆ ಹೇಳುವ ಚಕ್ಕುಬಂದಿಯಲ್ಲಿ ಪೂರ್ವ ಹೋಗಿ ಪಶ್ಚಿಮಕ್ಕೆ ಕೂತರೆ ಎರಡು ಮನೆತನಗಳು ಮೂರು ತಲೆಮಾರು ಬಡಿದಾಡುತ್ತವೆ. ಹಾಗಾಗಿ ಈ ಕಸುಬಿನಲ್ಲಿ ಹೆದರಿಕೆಯನ್ನು ಒಂದು ಅರ್ಹತೆ ಎಂದೇ ತಿಳಿಯುತ್ತಾರೆ. "ಶಿವರಾಜಪ್ಪನವರ ಕೈಯಾಗ ಬರಸ್ರಿ, ಅವರು ಅಂಜಿ ಅಂಜಿ ಬರೀತಾರ" ಎಂದು ಜನ ನನ್ನನ್ನು ಹೊಗಳುವುದುಂಟು.

ಇಂಥವನು ಹವ್ಯಾಸಿ ರೇಡಿಯೊ ಸಂಘಕ್ಕೆ ಸೇರಿದ್ದು ಹೇಗೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಮಹಾನಂದಾ ವಾರಕ್ಕೊಮ್ಮೆ ಕೇಳುತ್ತಾಳೆ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಲ್ಲೇ ಒಂದು ಸೆಟ್ಟು ಇಟ್ಟುಕೊಂಡು, ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ, ನಮ್ಮಂಥವರೇ ಆದ ಇತರರ ಜೊತೆ ಮಾತಾಡುವ ಹವ್ಯಾಸ ಇದು. ಮೈಕಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ನೀವು ಮಾತಾಡಬೇಕು, ಬಿಟ್ಟರೆ ಕೇಳಬೇಕು. ಒತ್ತಿ ಹಿಡಿದಷ್ಟು ಹೊತ್ತು ಬೇರೆಯವರ ಸೊಲ್ಲು ನಿಮಗೆ ಕೇಳಿಸದು, ನಿಮ್ಮದು ಮಾತ್ರ ಸೆಟ್ಟು ಹಚ್ಚಿಕೊಂಡು ಕುಳಿತ ಎಲ್ಲರಿಗೂ ಕೇಳಿಸುತ್ತದೆ. ನಮ್ಮ ಮನೆಯ ಜಗಳಗಳೂ ಹೆಚ್ಚುಕಡಿಮೆ ಇದೇ ಪದ್ಧತಿಯಲ್ಲಿ ನಡೆಯುವುದರಿಂದ ನನಗೆ ಕಲಿಯಲು ಕಷ್ಟವಾಗಲಿಲ್ಲ.

ಕಲಿಸಿದವರು ಹುಮನಾಬಾದಿನ ವೈಜನಾಥ ಮಾಸ್ತರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು. ನಿವೃತ್ತರಾದ ಮೇಲೆ ಒಬ್ಬೊಬ್ಬರನ್ನೇ ಹಿಡಿದು ಪರೀಕ್ಷೆಗೆ ಕೂರಿಸಿ ಈ ಸಂಘ ಕಟ್ಟಿದರು. ಪ್ರತಿ ರವಿವಾರ ಬೆಳಗ್ಗೆ ಏಳಕ್ಕೆ ಅವರು ಹುಮನಾಬಾದಿನಿಂದ ಹಾಜರಿ ಕರೆಯುತ್ತಾರೆ. ನಾವು ಬಸವಕಲ್ಯಾಣದವರು, ನಿರ್ಣಾದವರು, ಬೇಮಳಖೇಡದವರು ಒಬ್ಬರಾದ ಮೇಲೊಬ್ಬರು ಹಾಜರಿ ಹೇಳುತ್ತೇವೆ. ಆಮೇಲೆ ಮಾಸ್ತರು ಸಂಘದ ಸಮಾಚಾರ ಓದುತ್ತಾರೆ. ನಿರ್ಣಾದ ಸದಸ್ಯರ ಆಂಟೆನಾ ತಂತಿಯ ಮೇಲೆ ಅವರ ಮನೆಯವರು ಕೌದಿ ಒಣಹಾಕಿದ್ದರಿಂದ ಅವರು ಎರಡು ವಾರ ಹಾಜರಾಗಲಿಲ್ಲ, ಬೇಮಳಖೇಡದಲ್ಲಿ ಆಂಟೆನಾಕ್ಕೆಂದು ನಿಲ್ಲಿಸಿದ ಹೊಸ ಬಿದಿರಿಗೆ ಎಮ್ಮೆಯೊಂದು ಮೈ ತಿಕ್ಕಿ ಅದರ ದಿಕ್ಕು ಬದಲಿಸಿತು, ಇತ್ಯಾದಿ. ಮಾಸ್ತರು ಇದನ್ನೆಲ್ಲ ದೇಶದ ವಾರ್ತೆಯ ಗತ್ತಿನಲ್ಲಿ ಓದುತ್ತಾರೆ. ನಾವು ಅಷ್ಟೇ ಗಂಭೀರವಾಗಿ ಕೇಳುತ್ತೇವೆ.

ಎರಡು ವರ್ಷದ ಹಿಂದೆ ಒಂದು ರವಿವಾರ ಮಾಸ್ತರು ನನ್ನ ಹಾಜರಿಯನ್ನು ಮೂರು ಸಲ ಹೇಳಿಸಿದರು. ಸದ್ದು ಸ್ವಚ್ಛವಾಗಿಯೇ ಇತ್ತು, ಉಳಿದವರಿಗೆಲ್ಲ ಕೇಳಿಸಿತ್ತು. ಅವರ ಕಿವಿ ಮಂದವಾಗುತ್ತಿದೆ ಎಂದು ಆ ಕ್ಷಣವೇ ನನಗೆ ಹೊಳೆಯಿತು. ಹೊಳೆದ ಕೂಡಲೇ ಹೆದರಿಕೆಯಾಯಿತು. ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನ ಪಿಸುಮಾತನ್ನು ಕರಿಹಲಗೆಯ ಕಡೆ ಮುಖ ಮಾಡಿಕೊಂಡೇ ಹಿಡಿಯುತ್ತಿದ್ದವರು ಅವರು. ಅಂಥವರಿಗೆ ಎಲ್ಲರ ಮುಂದೆ ಕಿವಿಯ ಮಾತು ಹೇಳುವುದುಂಟೆ? ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಇವತ್ತ ಹವಾ ಸರಿ ಇಲ್ರಿ, ಮಾಸ್ತರ." ರೇಡಿಯೊದವರಿಗೆ ಇದು ಸಭ್ಯವಾದ ಕಾರಣ. ಹವೆ ಕೆಟ್ಟರೆ ಸದ್ದು ಕೆಡುತ್ತದೆ, ಯಾರದೂ ತಪ್ಪಲ್ಲ. ಮುಂದಿನ ವಾರ ನಿರ್ಣಾದವರೂ ಅದನ್ನೇ ಹೇಳಿದರು. ನಮ್ಮೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಖಾಜಾಭಾಯಿಯೂ ಹೇಳಿದರು. ಯಾರೂ ಕೂತು ಮಾತಾಡಿಕೊಳ್ಳದೆ, ಯಾರೂ ಠರಾವು ಪಾಸು ಮಾಡದೆ, ಅದು ನಮ್ಮ ಸಂಘದ ರಿವಾಜಾಗಿ ಹೋಯಿತು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಜೂನಿನ ಮಿರಗದ ಮಳೆಗೆ ಇನ್ನೂ ಕೆಲವು ದಿನ ಇತ್ತು, ಸಂಜೆಯಾದರೆ ಗುಡುಗು ಮಿಂಚು. ರವಿವಾರದ ಹಾಜರಿ ಮುಗಿಸಿ ನಾನು ಮೈಕನ್ನು ಮೇಜಿನ ಮೇಲಿಟ್ಟೆ. ಯಾರ ಜೊತೆ, ಎಷ್ಟು ಗಂಟೆಗೆ ಮಾತಾಡಿದೆ ಎಂದು ಬರೆದಿಡುವ ಒಂದು ದಪ್ಪ ಪುಸ್ತಕ ನಮ್ಮಲ್ಲಿ ಪ್ರತಿಯೊಬ್ಬರ ಹತ್ತಿರವೂ ಇರುತ್ತದೆ. ಕಸುಬಿನ ಅಭ್ಯಾಸಕ್ಕೆ ನಾನು ಅದಕ್ಕೆ ದಸ್ತಾವೇಜಿನ ರಟ್ಟು ಹಾಕಿಸಿದ್ದೇನೆ, ಇಟ್ಟಿಗೆಯಷ್ಟು ಭಾರ. ಬರೆದು ಮುಗಿಸಿ ಪಕ್ಕಕ್ಕಿಟ್ಟು ಚುರುಮುರಿಯ ಸುಸಲಾ ತಿನ್ನಲು ಕುಳಿತೆ. ಆಗ ಮಹಾನಂದಾ ಕೇಳಿದಳು: "ಅಲ್ರಿ, ಮಾಸ್ತರು ಎಲ್ಲಾರ ಕಡಿಂದೂ ಮೂರ್ ಮೂರ್ ಸಲ ಯಾಕ ಹೇಳಸ್ತಾರ?"

"ಅವರಿಗಿ ಕಿವಿ ಕೇಳ್ಸಂಗಿಲ್ಲ," ಎಂದೆ ನಾನು, ಬಾಯಿತುಂಬ ಸುಸಲಾ ಇಟ್ಟುಕೊಂಡು. "ಹವಾ ಸರಿ ಇಲ್ಲಂತ ನಾವೆಲ್ಲಾರೂ ಸುಳ್ಳು ಹೇಳ್ಕೋತ ಹೊಂಟೀವಿ. ಹಾಜರಿ ತಗೊಳ್ಳೋದು ಬಿಡ್ರಿ ಅಂತ ಯಾರರ ಹೇಳಬೇಕು. ಯಾರಿಗೂ ಧೈರ್ಯ ಇಲ್ಲ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮನೆಯಲ್ಲಿ ಕೇಳುವವರಿದ್ದರೆ ನನಗೆ ವಾಕ್ಚಾತುರ್ಯ ಬರುತ್ತದೆ. ಮಾಸ್ತರು ಕತ್ತು ಓರೆ ಮಾಡಿ "ಏನು? ಏನಂದಿ?" ಎನ್ನುವುದನ್ನು ಅಭಿನಯಿಸಿ ತೋರಿಸಿದೆ. ಮಹಾನಂದಾ ನಕ್ಕಳು. ಇನ್ನೊಮ್ಮೆ ತೋರಿಸಿದೆ. ಚಹಾ ಕುಡಿದು ಮೇಜಿನ ಕಡೆ ನೋಡಿದರೆ, ಸೆಟ್ಟಿನ ಮೇಲೆ ಕೆಂಪು ದೀಪ ಉರಿಯುತ್ತಿದೆ.

ಕೆಂಪು ದೀಪ ಎಂದರೆ ಗುಂಡಿ ಒತ್ತಿದೆ ಎಂದು ಅರ್ಥ. ನನ್ನ ರಟ್ಟಿನ ಪುಸ್ತಕ ಮೈಕಿನ ಗುಂಡಿಯ ಮೇಲೆ ಕುಳಿತಿತ್ತು. ಅರ್ಧ ತಾಸು! ಸುಸಲಾ ಅಗಿದದ್ದು, ಕಿವಿಯ ಮಾತು, ಆ ಅಭಿನಯ, ನಗು, ಎಲ್ಲವೂ ಸಂಘಕ್ಕೆಲ್ಲ ಕೇಳಿಸಿರಬೇಕು. ಕೇಳಿಸಿದವರು "ಬಂದ್ ಮಾಡ್ರಿ" ಎಂದು ಕೂಗಿದರೂ, ಗುಂಡಿ ಒತ್ತಿರುವ ತನಕ ನನಗೆ ಅದು ಕೇಳಿಸುವಂತಿರಲಿಲ್ಲ. ಪುಸ್ತಕ ಎತ್ತಿ ಬಿಸಾಕಿ ಕಿವಿಗೊಟ್ಟೆ. ಸೆಟ್ಟಿನಲ್ಲಿ ಒಂದು ಪಿಟ್ಟೂ ಇಲ್ಲ. ರವಿವಾರ ಎಂಟು ಗಂಟೆಯವರೆಗೆ ಯಾರಾದರೂ ಹರಟುತ್ತಲೇ ಇರುತ್ತಾರೆ. ಒಂದೆರಡು ಸಲ ಕರೆದೆ. ಉತ್ತರವಿಲ್ಲ. ಎಲ್ಲರೂ ಸೇರಿ ನನಗೆ ಬಹಿಷ್ಕಾರ ಹಾಕಿದರು ಎಂದು ತೀರ್ಮಾನಿಸಿ ಫೋನನ್ನೂ ಬಂದ್ ಮಾಡಿದೆ.

"ಕೇಳಿದ್ರ ಕೇಳ್ಯಾರ ಬಿಡ್ರಿ," ಎಂದಳು ಮಹಾನಂದಾ. "ಸುಳ್ಳೇನರ ಹೇಳೀರೇನು?" ಸುಳ್ಳು ಹೇಳಿದ್ದರೆ ಇಷ್ಟು ಹೆದರುತ್ತಲೇ ಇರಲಿಲ್ಲ ಎಂಬುದು ಅವಳಿಗೆ ಹೇಗೆ ತಿಳಿಯಬೇಕು? ಮನಸ್ಸು ತಡೆಯದೆ ಖಾಜಾಭಾಯಿಯ ಅಂಗಡಿಯ ಮುಂದೆ ಸುಮ್ಮನೆ ಹಾದುಹೋದೆ. ಅವರು ಗಿರಾಕಿಯ ಬ್ಯಾಟರಿಗೆ ನೀರು ಹಾಕುತ್ತಿದ್ದವರು ತಲೆಯೆತ್ತಿ ಸಲಾಂ ಮಾಡಿ ಮತ್ತೆ ನೀರು ಹಾಕತೊಡಗಿದರು. ದಿನಾ "ಬರ್ರಿ, ಚಾ ಕುಡೀರಿ" ಎನ್ನುವ ಮನುಷ್ಯ! ಅವರ ಸಲಾಮಿನಲ್ಲಿಯೇ ಎಲ್ಲ ಇತ್ತು ಎನಿಸಿತು. ಮಾಸ್ತರ ಕಾಲಿಗೆ ಬೀಳುವುದೊಂದೇ ಉಳಿದ ದಾರಿ. ಸೆಟ್ಟು ಬೇರೆ ಕಾದ ಹಂಚಿನಂತಾಗಿತ್ತು, ರಿಪೇರಿಯ ನೆಪವೂ ಸಿಕ್ಕಿತು. ಮನೆಗೆ ಮರಳಿ ಅದನ್ನು ಎತ್ತಿ ಚೀಲಕ್ಕೆ ಹಾಕಿದೆ. ಅದು ಯಾವ ತೊಡಕೂ ಇಲ್ಲದೆ ಸರಾಗವಾಗಿ ಎದ್ದು ಬಂತು. ಹಾಗೆ ಬಂದದ್ದೇಕೆ ಎಂದು ನಾನು ಯೋಚಿಸಲಿಲ್ಲ.

ಬಸ್ಸು ಸಸ್ತಾಪುರ ಬಂಗ್ಲಾ ದಾಟಿ, ರಾಜೇಶ್ವರ ದಾಟಿ ಹುಮನಾಬಾದ್ ಮುಟ್ಟುವುದರೊಳಗೆ ಕ್ಷಮಾಪಣೆಯ ಕರಡನ್ನು ಮನಸ್ಸಿನಲ್ಲೇ ನಾಲ್ಕು ಸಲ ತಿದ್ದಿದ್ದೆ. ಮಾಸ್ತರು ಪಡಸಾಲೆಯಲ್ಲಿ ಒಂದು ನೋಟುಪುಸ್ತಕ ಹರಡಿಕೊಂಡು ಕುಳಿತಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಇಂಥ ದೊಡ್ಡ ಮನುಷ್ಯ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ! ಕೈಮುಗಿದು ಮೆಲ್ಲಗೆ ಹೇಳಿದೆ: "ಮಾಸ್ತರ, ಮುಂಜಾನಿ ನಿಮ್ಮ ಕಿವಿ ಬಗ್ಗಿ ಮಾತಾಡಿದ್ದು ತಪ್ಪಾತ್ರಿ."

"ಏನು?" ಎಂದರು ಮಾಸ್ತರು, ಕತ್ತು ಓರೆ ಮಾಡಿ.

ಸ್ವಲ್ಪ ಗಟ್ಟಿಯಾಗಿ ಹೇಳಿದೆ. "ಏನಂದಿ?" ಎಂದರು. ಹವಾ ಸರಿ ಇಲ್ಲ ಎನ್ನಲು ನಾವಿಬ್ಬರೂ ಒಂದೇ ಪಡಸಾಲೆಯಲ್ಲಿದ್ದೆವು. ಗಂಟಲು ಹರಿಯುವಂತೆ ಕೂಗಿದೆ: "ನಿಮಗ ಕಿವಿ ಕೇಳ್ಸಂಗಿಲ್ಲ ಅಂತ ನಾ ಮನಿಯಾಗ ಅಂದೀನ್ರಿ! ಎರಡ್ ವರ್ಷ ಆತು, ಹವಾ ಸರಿ ಇಲ್ಲ ಅನ್ನೋದು ಸುಳ್ರಿ! ಮೊದಲ ಶುರು ಮಾಡಿದಾಂವ ನಾನೇ ರೀ!" ಎದುರು ಮನೆಯ ಬಾಗಿಲು ತೆರೆಯಿತು. ಶಾವಿಗೆ ಒಣಹಾಕುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಕೈ ನಿಲ್ಲಿಸಿ ನಮ್ಮ ಕಡೆ ನೋಡಿದರು.

ಮಾಸ್ತರು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಚೀಲದಿಂದ ಸೆಟ್ಟು ತೆಗೆದು, ಸ್ಕ್ರೂ ಬಿಚ್ಚಿ, ಒಳಗೆ ಮೂಗಿಟ್ಟು ನೋಡಿದರು. ಸುಟ್ಟ ವಾಸನೆ ನನ್ನವರೆಗೂ ಬಂತು. "ಆಂಟೆನಾದ ಕೇಬಲ್ ಬಿಚ್ಚಿದ್ದೆಲ್ಲೊ?" ಎಂದು ಕೇಳಿದರು. ಆಗ ನೆನಪಾಯಿತು. ಮಿಂಚಿನ ದಿನಗಳಲ್ಲಿ ಹಾಜರಿ ಮುಗಿದ ಕೂಡಲೇ ಕೇಬಲ್ ಬಿಚ್ಚಿ ಪಕ್ಕಕ್ಕಿಡಬೇಕು ಎಂದು ಕಲಿಸಿದವರು ಇವರೇ. ಕೈ ತಾನಾಗಿ ಬಿಚ್ಚಿತ್ತು, ತಲೆಗೆ ಗೊತ್ತಿರಲಿಲ್ಲ. "ಕೇಬಲ್ ಇಲ್ದ ಹೊರಗ ಏನೂ ಹೋಗಂಗಿಲ್ಲ, ಒಳಗ ಏನೂ ಬರಂಗಿಲ್ಲ," ಎಂದರು ಮಾಸ್ತರು. "ನೀ ಮಾತಾಡಿದ್ದೆಲ್ಲಾ ಇದರಾಗೇ ಸುಟ್ಟು ಹೋಗ್ಯಾದ. ಯಾರೂ ಏನೂ ಕೇಳಿಲ್ಲ ತಮ್ಮಾ." ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಮರಳಿ ಹಾಕುತ್ತ, "ಈಗ ನಾ ಕೇಳಿದೆ," ಎಂದರು.

ಅಲ್ಲಿಗೆ ಮುಗಿದಿದ್ದರೆ ಸೆಟ್ಟಿನ ಖರ್ಚು ಮತ್ತು ಒಂದಿಷ್ಟು ನಾಚಿಕೆಯಲ್ಲಿ ಪಾರಾಗುತ್ತಿದ್ದೆ. ಮಾಸ್ತರು ಹರಡಿದ್ದ ನೋಟುಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಪ್ರತಿ ರವಿವಾರದ ತಾರೀಖು, ಬಿಸಿಲು, ಗಾಳಿ, ಮೋಡ, ಅದರ ಮುಂದೆ ಯಾರ್ಯಾರು "ಹವಾ ಸರಿ ಇಲ್ಲ" ಎಂದರು ಎಂಬುದು. ಕೆಂಪು ಶಾಯಿ, ನೀಲಿ ಶಾಯಿ, ಅಳತೆಗೋಲಿನಿಂದ ಎಳೆದ ನಕ್ಷೆಗಳು. ಹುಮನಾಬಾದಿನ ಮೇಲಿನ ಹವೆ ಎರಡು ವರ್ಷದಿಂದ ಏಕೆ ಕೆಟ್ಟಿದೆ ಎಂದು ಅವರು ಸಂಶೋಧನೆ ನಡೆಸಿದ್ದರು. ಸಂಘದ ಮುಂದಿನ ಕೂಟದಲ್ಲಿ ಓದಬೇಕೆಂದು ಅದನ್ನು ಸಜ್ಜುಗೊಳಿಸುತ್ತಿದ್ದರು.

"ಹಂಗಾದ್ರ ಎರಡ್ ವರ್ಷ ಹವಾ ಛಲೋನೇ ಇತ್ತೇನೋ?" ಎಂದು ಕೇಳಿದರು.

"ಭಾಳ ಛಲೋ ಇತ್ರಿ," ಎಂದೆ. ಇದನ್ನೂ ಎರಡು ಸಲ ಕೂಗಬೇಕಾಯಿತು. ನನ್ನ ಜೀವಮಾನದಲ್ಲಿ ಇಷ್ಟು ಕೆಟ್ಟದೆನಿಸಿದ ಮಾತನ್ನು ಇಷ್ಟು ಗಟ್ಟಿಯಾಗಿ ಎಂದೂ ಹೇಳಿರಲಿಲ್ಲ. ಮಾಸ್ತರು ಪುಸ್ತಕ ಮುಚ್ಚಿ, ದಾರ ಸುತ್ತಿ, ಗೂಡಿನಲ್ಲಿಟ್ಟರು. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಒಳಗೆ ಹೋಗಿ ನನಗೆ ನೀರು ತಂದುಕೊಟ್ಟು, "ಮುಂದಿನ ಐತಾರ ಹಾಜರಿ ನೀನೇ ತಗೋ. ಸಮಾಚಾರನೂ ನೀನೇ ಓದು," ಎಂದರು. ಅದು ಶಿಕ್ಷೆಯೋ ವಿಶ್ವಾಸವೋ ತಿಳಿಯದೆ ಆ ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ.

ನಡುವೆ ಖಾಜಾಭಾಯಿಯಿಂದ ತಿಳಿಯಿತು: ಮಾಸ್ತರು ಬೀದರಿಗೆ ಹೋಗಿ ಕಿವಿಗೆ ಮಷೀನು ಹಾಕಿಸಿಕೊಂಡರಂತೆ. ಅಂದು ಚಹಾಕ್ಕೆ ಕರೆಯದೆ ಇದ್ದದ್ದೇಕೆ ಎಂದು ಅವರನ್ನೂ ಕೇಳಿಬಿಟ್ಟೆ. "ಅರೆ ಭಾಯಿ, ಕೈಯಾಗ ಆ್ಯಸಿಡ್ ಇತ್ತಲ್ರಿ!" ಎಂದರು. ತಮ್ಮ ಹಳೆಯ ಸೆಟ್ಟೊಂದನ್ನು ಅವರೇ ಕೊಟ್ಟರು. ರವಿವಾರ ಐದಕ್ಕೇ ಎದ್ದೆ. ಕೇಬಲ್ ಹಚ್ಚಿದೆ, ಹಚ್ಚಿದ್ದನ್ನು ಮೂರು ಸಲ ಮುಟ್ಟಿ ನೋಡಿದೆ. ರಟ್ಟಿನ ಪುಸ್ತಕವನ್ನು ಅಡುಗೆಮನೆಗೆ ಸಾಗಿಸಿದೆ. ಗುಂಡಿಯ ಮೇಲೆ ಏನೂ ಬೀಳಬಾರದೆಂದು ಮೈಕನ್ನು ಎರಡು ಬೆರಳಲ್ಲಿ ಅಂಚು ಹಿಡಿದು, ಏಳು ಹೊಡೆದ ಕೂಡಲೇ ಎಲ್ಲರಿಗೂ ಶರಣು ಹೇಳಿ, ಹಾಜರಿ ಆಮೇಲೆ ಕರೆದರಾಯಿತೆಂದು ಸಮಾಚಾರವನ್ನೇ ಮೊದಲು ಓದತೊಡಗಿದೆ. ಬೇಮಳಖೇಡದ ಬಿದಿರು ನೆಟ್ಟಗಾದದ್ದು, ನಿರ್ಣಾದ ಕೌದಿ ಜಾಗ ಬದಲಿಸಿದ್ದು, ಮುಂದಿನ ಕೂಟ, ಯಾವುದನ್ನೂ ತಪ್ಪಿಲ್ಲದೆ ಓದಿದೆ. ನನ್ನ ದನಿ ನನಗೇ ಇಷ್ಟವಾಯಿತು. ಹತ್ತು ನಿಮಿಷ ಆಗಿರಬೇಕು, ಫೋನು ರಿಂಗಾಯಿತು.

ಮಾಸ್ತರು. ದನಿ ನಡುಗುತ್ತಿತ್ತು. "ಶಿವರಾಜ, ಏಳರಿಂದ ಕುಂತೀನಿ, ನಿಂದು ಒಂದ್ ಶಬ್ದನೂ ಕೇಳ್ಸವಲ್ದು. ಮಷೀನ್ ಹಾಕ್ಕೊಂಡೇ ಕುಂತೀನಿ. ಕಿವಿ ಪೂರಾ ಹೋದ್ವೇನೋ ಅಂತ ಜೀವ ಹೊಡ್ಕೊಳ್ಳಾಕತ್ತದ. ಖರೇ ಹೇಳು ತಮ್ಮಾ, ಹವಾ ಹ್ಯಾಂಗ ಅದ?"

ನಾನು ನನ್ನ ಕೈ ನೋಡಿಕೊಂಡೆ. ಎರಡು ಬೆರಳು ಮೈಕಿನ ಅಂಚಿನಲ್ಲಿದ್ದವು. ಗುಂಡಿಯನ್ನು ಯಾವ ಬೆರಳೂ ಮುಟ್ಟಿರಲಿಲ್ಲ. ಕೆಂಪು ದೀಪ ಹತ್ತಿಯೇ ಇರಲಿಲ್ಲ. ನಿಮ್ಮ ಕಿವಿ ಗಟ್ಟಿಯಾಗಿವೆ, ನಾನೇ ಗುಂಡಿ ಒತ್ತಲು ಹೆದರಿ ಗೋಡೆಗೆ ಸಮಾಚಾರ ಓದಿದೆ ಎಂದು ಹೇಳಲು ಬಾಯಿ ತೆರೆದೆ. ಅವರು ಕಲಿಸಿದ ಮೊದಲ ಪಾಠವೇ ಗುಂಡಿ ಒತ್ತುವುದು.

"ಹವಾ ಸರಿ ಇಲ್ರಿ, ಮಾಸ್ತರ," ಎಂದೆ.

"ಹೌದೇನು?" ಎಂದರು ಮಾಸ್ತರು. ದನಿಗೆ ಜೀವ ಬಂದಿತ್ತು. "ನಾ ಹೇಳಿದ್ನೆಲ್ಲೊ, ಇದರಾಗ ಏನೋ ಅದ ಅಂತ! ತಡಿ, ಒಂದ್ ನಿಮಿಷ ಲೈನಿನ್ಯಾಗೇ ಇರು." ಗೂಡಿನಿಂದ ಪುಸ್ತಕ ತೆಗೆದು, ದಾರ ಬಿಚ್ಚಿ, ಅವರು ಹಾಳೆ ತಿರುವುವುದು ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.