ಸಿದ್ದರಾಮನ ಅಡ್ಡದಾರಿ

ಸಿದ್ದರಾಮನ ಮರ್ಯಾದೆ ಬರೀ ಒಂದೂವರೆ ಅಡಿ ಅಗಲವಿತ್ತು. ಅದು ಕೆರೆ ಉದ್ಯಾನದ ಬೇವಿನ ಗಿಡದ ಹಿಂದೆ ಶುರುವಾಗಿ, ಜಾಲಿಕಂಟಿಗಳ ನಡುವೆ ಬಳುಕುತ್ತ ಹೋಗಿ, ಗುಡಗೇರಿ ರಸ್ತೆಯಲ್ಲಿರುವ ರಹಿಮಾನಸಾಬನ ಮಿರ್ಚಿ ಭಜಿ ಅಂಗಡಿಯ ಹಿಂಬದಿಗೆ ಮುಗಿಯುತ್ತಿತ್ತು. ಆ ಕಾಲ್ದಾರಿಯನ್ನು ಯಾರೂ ಕಡಿದದ್ದಲ್ಲ, ಯಾರೂ ಹಾಕಿಸಿದ್ದಲ್ಲ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಆರೂಕಾಲಿಗೆ ಸಿದ್ದರಾಮನ ಎರಡು ಪಾದ ಓಡಾಡಿ ಓಡಾಡಿ ತಾನಾಗಿಯೇ ಬಿದ್ದ ದಾರಿ.

ಹೈಸ್ಕೂಲಿನಲ್ಲಿ ಕ್ಲರ್ಕನಾಗಿದ್ದ ಸಿದ್ದರಾಮನಿಗೆ ಡಾಕ್ಟರು, "ಶುಗರ್ ಹೊಸ್ತಿಲದ ಮ್ಯಾಲೆ ಬಂದು ನಿಂತೈತ್ರಿ, ಒಳಗ ಕರೀಬ್ಯಾಡ್ರಿ" ಅಂದಿದ್ದರು. ಕರಿದದ್ದು ಬಂದ್. ದಿನಾ ಮುಕ್ಕಾಲು ತಾಸು ನಡಿಗೆ. ಹೆಂಡತಿ ಸುನೀತಾ ಅಷ್ಟಕ್ಕೇ ಬಿಡಲಿಲ್ಲ. ಹಾಗಲಕಾಯಿ, ಮೆಂತೆ, ನೇರಳೆ ಬೀಜ ಒಣಗಿಸಿ ಕುಟ್ಟಿ ಒಂದು ಪುಡಿ ಮಾಡಿದಳು. ಸಿದ್ದರಾಮ ಒಂದು ಚಿಟಿಕೆ ನಾಲಿಗೆಗೆ ಹಚ್ಚಿದವನೇ ಅಂಗಳಕ್ಕೆ ಓಡಿ ಉಗುಳಿ ಬಂದ.

"ಇದನ್ನ ಎಮ್ಮಿಗೆ ಹಾಕು. ಅದೂ ಸಿಟ್ಟಾಗಿ ತವರಮನಿಗೆ ಹೋಗ್ತೈತಿ" ಅಂದ.

ಪುಡಿಯ ಮಾತು ಅಲ್ಲಿಗೆ ಮುಗಿಯಿತು. ನಡಿಗೆ ಮಾತ್ರ ಉಳಿಯಿತು.

ನಡಿಗೆ ಅಂದರೆ ಹೀಗೆ: ಉದ್ಯಾನದ ದುಂಡನೆಯ ದಾರಿಯಲ್ಲಿ ಕಾಲು ಸುತ್ತು ಹೋಗುವುದು, ಆ ಕಡೆ ಈ ಕಡೆ ನೋಡುವುದು, ಬೇವಿನ ಗಿಡದ ಹಿಂದೆ ಮಾಯವಾಗುವುದು. ಆಮೇಲೆ ರಹಿಮಾನಸಾಬನ ಹಿಂದಿನ ಬೆಂಚಿನ ಮೇಲೆ ಕೂತು ಬಿಸಿ ಬಿಸಿ ನಾಲ್ಕು ಭಜಿ. ಐದನೆಯದು ಕೇಳಿದರೆ ರಹಿಮಾನಸಾಬ ಯಾವಾಗಲೂ, "ಹಿಟ್ಟು ಮುಗೀತ್ರಿ ಸಾಹೇಬ್ರ" ಅನ್ನುತ್ತಿದ್ದ. ಆ ಭಜಿಯ ಮೇಲೆ ಒಂದು ಸ್ಟೀಲ್ ಡಬ್ಬಿಯಿಂದ ಕಂದು ಬಣ್ಣದ ಮಸಾಲೆ ಉದುರಿಸುತ್ತಿದ್ದ. ಮೊದಲು ಹುಳಿ, ಆಮೇಲೆ ಖಾರ, ಹಿಂದಿನಿಂದ ಸಣ್ಣಗೆ ಕಹಿ. ಆಹಾ!

"ಸಾಬ್ರ, ಈ ಮಸಾಲಿ ಮುಂದ ನಮ್ಮ ಮನಿ ಅಡಿಗಿ ಬರೇ ಮಣ್ಣು. ಇನ್ನೊಂದು ಚಮಚಾ ಹಾಕ್ರಿ" ಅನ್ನುತ್ತಿದ್ದ ಸಿದ್ದರಾಮ. ರಹಿಮಾನಸಾಬ ಮೀಸೆಯೊಳಗೇ ನಕ್ಕು ಹಾಕುತ್ತಿದ್ದ.

ಮರಳಿ ಬರುವಾಗ ಬೇವಿನ ಎಲೆಯಿಂದ ಕೈ ಒರೆಸಿಕೊಂಡು, ಎರಡು ಎಲೆ ಅಗಿದು, ಹಣೆಗೆ ಬೆವರಿನ ಬದಲು ಕೆರೆ ನೀರು ಚಿಮುಕಿಸಿಕೊಂಡು ಮನೆ ಸೇರುತ್ತಿದ್ದ. ಆಶ್ಚರ್ಯ ಅಂದರೆ ಹೋದ ತಿಂಗಳು ಶುಗರ್ ಇಳಿದಿತ್ತು. ನಡಿಗೆಯ ಪುಣ್ಯ ಅಂದರು ಡಾಕ್ಟರು. ಭಜಿಯ ಪುಣ್ಯ ಅಂದುಕೊಂಡ ಸಿದ್ದರಾಮ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಒಂದು ರವಿವಾರ. ರವಿವಾರ ಅಂದರೆ ಉದ್ಯಾನದಲ್ಲಿ ಶ್ರಮದಾನ. ದಾರಿಗೆ ಬೆಳೆದ ಕರಿಕೆ ಹುಲ್ಲು ಕೀಳುವುದು, ಮಳೆಗೆ ಕೊಚ್ಚಿಹೋದಲ್ಲಿ ಗರಸು ಮಣ್ಣು ಹಾಕುವುದು, ಅಡ್ಡ ಬಂದ ಜಾಲಿ ಕಡಿಯುವುದು. ಇದಕ್ಕೆಲ್ಲ ಮುಂದಾಳು ಹೊಳೆಯಪ್ಪ ಸರ್. ಡ್ರಿಲ್ ಮಾಸ್ತರಿಕೆಯಿಂದ ರಿಟೈರ್ ಆಗಿ ಆರು ವರ್ಷವಾದರೂ ಕೊರಳ ಸೀಟಿ ರಿಟೈರ್ ಆಗಿರಲಿಲ್ಲ. ಹಿಂದಿನ ಸಂಜೆ ಮಳೆ ಬಿದ್ದು ಎರೆಮಣ್ಣು ಹದವಾಗಿತ್ತು. ಸಿದ್ದರಾಮ ನಸುಕಿನ ಭಜಿ ಮುಗಿಸಿ, ಮನೆಗೆ ಹೋಗಿ, ಎಂಟಕ್ಕೆ ಸುನೀತಾಳ ಜೊತೆ ಸಂಭಾವಿತನಂತೆ ಬಂದು ಗರಸಿನ ಬುಟ್ಟಿ ಹೊತ್ತಿದ್ದ. ಅಷ್ಟರಲ್ಲಿ ಬೇವಿನ ಗಿಡದ ಹಿಂದಿನಿಂದ ಸೀಟಿ ಕೂಗಿತು.

"ಎಲ್ಲಾರೂ ಇಲ್ಲಿ ಬರ್ರಿ! ಇಲ್ಲೊಂದು ದಾರಿ ಸಿಕ್ಕೈತಿ!"

ಬುಟ್ಟಿ ಸಿದ್ದರಾಮನ ತಲೆಯಿಂದ ಜಾರಿ ಕಾಲ ಮೇಲೆ ಬಿತ್ತು. ಅಯ್ಯೋ ಅನ್ನಲೂ ಅವನಿಗೆ ಪುರಸೊತ್ತಿರಲಿಲ್ಲ. ಸುನೀತಾಗೆ ಗೊತ್ತಾದರೆ ಭಜಿಯೂ ಹೋಯಿತು, ಮನೆಯಲ್ಲಿ ಮುಖವೂ ಹೋಯಿತು.

ಇಪ್ಪತ್ತು ಮಂದಿ ದಾರಿಯ ಸುತ್ತ ನೆರೆದರು. ಸಿದ್ದರಾಮನ ಬಾಜು ಮನೆಯ ಕೆಂಚವ್ವ ಸೊಂಟಕ್ಕೆ ಕೈಯಿಟ್ಟು, "ಇದು ಹಾವಿಂದರ ಇರಬೇಕು, ಇಲ್ಲಾ ಹಲ್ಕಟ್ ಮನಷ್ಯಾಂದರ ಇರಬೇಕು" ಅಂದಳು.

"ಹಾವಿಂದ, ಹಾವಿಂದ! ಮುಚ್ಚಿಬಿಡೂಣು" ಅಂದ ಸಿದ್ದರಾಮ.

"ತಡೀಪಾ. ಅಮೋಘಸಿದ್ದಪ್ಪ ಕಾಕಾ ನೋಡ್ಲಿ" ಅಂದರು ಹೊಳೆಯಪ್ಪ ಸರ್.

ಕೆಲಸ ಕೆಟ್ಟಿತು ಅಂದುಕೊಂಡ ಸಿದ್ದರಾಮ. ಅಮೋಘಸಿದ್ದಪ್ಪ ಐವತ್ತು ವರ್ಷ ಕುರಿ ಹಿಂದೆ ತಿರುಗಿದ ಮುದುಕ. ಮರಿ ಕಳೆದರೆ ಹೆಜ್ಜೆ ನೋಡಿ ಯಾವ ಊರಿಗೆ ಹೋಯಿತು, ಯಾರ ಒಲೆ ಮೇಲೆ ಕುದಿಯಿತು ಅಂತ ಹೇಳುವವ. ಅವನು ಕೋಲೂರಿ ಕುಕ್ಕರಗಾಲಲ್ಲಿ ಕೂತ.

"ಹಾವಲ್ಲ. ಗಂಡಸು. ದಿನಾ ಬರ್ತಾನ, ನೆಲ ಅಗದಿ ಗಟ್ಟಿ ಆಗೈತಿ. ಹೋಗೂ ಹೆಜ್ಜಿ ದೂರ ದೂರ ಬಿದ್ದಾವ, ಅವಸರ ಐತಿ. ಬರೂ ಹೆಜ್ಜಿ ಸನೇ ಸನೇ, ಆಳ. ಹೋಗುವಾಗ ಖಾಲಿ, ಬರುವಾಗ ಭಾರ."

"ಅಂದ್ರ ಏನೋ ಹೊತ್ತುಕೊಂಡು ಬರ್ತಾನ!" ಅಂದರು ಸರ್.

ಸಿದ್ದರಾಮ ತನಗೆ ಅರಿವಿಲ್ಲದೆ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡ.

"ಎಡಗಾಲ ಚಪ್ಪಲಿ ಹಿಮ್ಮಡ ಸವದೈತಿ" ಅಂದ ಮುದುಕ. ಎಲ್ಲರೂ ಎಲ್ಲರ ಕಾಲು ನೋಡತೊಡಗಿದರು. ಸಿದ್ದರಾಮ ಮೆಲ್ಲಗೆ ಹಿಂದೆ ಸರಿದು, ಎರಡೂ ಚಪ್ಪಲಿಗಳನ್ನು ಕಾಲಿಂದ ಹಿಂದಕ್ಕೆ ಒದ್ದ. ಅವು ಹೋಗಿ ಕೆರೆಗೆ ಬಿದ್ದು ಗುಳುಕ್ ಅಂದವು.

"ಸಿದ್ದರಾಮ, ನಿನ್ನ ಚಪ್ಪಲಿ ಎಲ್ಲಿ?" ಅಂದರು ಹೊಳೆಯಪ್ಪ ಸರ್.

"ಸೇವಾ ಮಾಡುವಾಗ ಚಪ್ಪಲಿ ಹಾಕ್ತಾರೇನ್ರಿ ಸರ್? ಭೂಮಿತಾಯಿ ಅಲ್ಲೇನ್ರಿ?"

ಸರ್ ಕಣ್ಣಲ್ಲಿ ನೀರೇ ಬಂತು. ಸಂತೋಷಕ್ಕೆ ಒಂದು ಸೀಟಿ ಊದಿದರು. "ನೋಡ್ರಿ, ಇದಕ್ಕಂತಾರ ಸೇವಾ! ಇವತ್ತಿನಿಂದ ಸಿದ್ದರಾಮ ನಮ್ಮ ದಾರಿ ಕ್ಯಾಪ್ಟನ್. ಎಲ್ಲಾರೂ ಚಪ್ಪಲಿ ಬಿಡ್ರಿ!"

"ನಿಮ್ಮ ಸೇವಾಕ್ಕ ಬೆಂಕಿ ಹತ್ತಲಿ, ನಾ ಅಂತೂ ಬಿಡೂದಿಲ್ಲ" ಅಂದಳು ಕೆಂಚವ್ವ. ಬೇರೆ ಯಾರೂ ಬಿಡಲಿಲ್ಲ. ಅವಳು ಅಷ್ಟರಲ್ಲಿ ಗಿಡದ ಬುಡದಲ್ಲಿ ಮುದುಡಿ ಬಿದ್ದ ಬೇವಿನ ಎಲೆ ಎತ್ತಿ ಮೂಸಿದ್ದಳು. "ಎಣ್ಣಿ ವಾಸನಿ! ಗೊತ್ತಾತು ಬಿಡ್ರಿ. ಬಸವಣ್ಣನ ಗುಡಿ ದೀಪದ ಎಣ್ಣಿ ಕದಿಯೂ ಭಾಡ್ಯಾ ಇವನ!"

ನೋಡಿ, ಬೆಳಿಗ್ಗೆ ಬರೀ ಭಜಿ ತಿಂದವನು ಒಂಬತ್ತು ಗಂಟೆ ಆಗುವುದರೊಳಗೆ ದೇವರ ಎಣ್ಣೆಯ ಕಳ್ಳನಾದ. ಕ್ಯಾಪ್ಟನ್ನೂ ಅವನೇ, ಕಳ್ಳನೂ ಅವನೇ.

"ಈ ದಾರಿ ಎಲ್ಲಿಗೆ ಹೋಗ್ತೈತಿ ನೋಡೂಣು ನಡೀರಿ" ಅಂದರು ಸರ್.

"ಬ್ಯಾಡ್ರಿ ಸರ್!" ಸಿದ್ದರಾಮ ಎರಡೂ ಕೈ ಚಾಚಿ ಅಡ್ಡ ನಿಂತ. "ಕಳ್ಳ ಒಳಗ ಕುಡಗೋಲ ಹಿಡಕೊಂಡು ಕುಂತಿದ್ರ? ಇದನ್ನ ಜಾಲಿ ಮುಳ್ಳು ಹಾಕಿ ಮುಚ್ಚೂಣು. ನಾಳೆ ಬಂದ ಮಗ ಮುಳ್ಳಿನ್ಯಾಗ ಸಿಕ್ಕೊಂಡು ತಾನ ಒದರ್ತಾನ."

ಕ್ಯಾಪ್ಟನ್ನನ ಮೊದಲ ಆಜ್ಞೆ ಎಲ್ಲರಿಗೂ ಒಪ್ಪಿಗೆಯಾಯಿತು. ಸುನೀತಾ ಒಬ್ಬಳೇ ಮುಖ ಸಣ್ಣದು ಮಾಡಿ ಹತ್ತಿರ ಬಂದಳು.

"ರೀ, ಪೂರ್ತಿ ಮುಚ್ಚಬ್ಯಾಡ್ರಿ. ಒಂದೀಟು ಸಂದಿ ಬಿಡ್ರಿ. ಪಾಪ, ಯಾವನರ ಹಸದಾಂವ ಇರಬೇಕು."

"ಕಳ್ಳಗ ಕನಿಕರಾ ತೋರಸ್ತೀಯೇನ? ಸರಿ ಆಕಡೆ!"

ಎರಡು ತಾಸು ಸಿದ್ದರಾಮ ಜಾಲಿ ಕಡಿದ, ಎಳೆದ, ಒಟ್ಟಿದ. ಬರಿಗಾಲು ಬೇರೆ. ಕಾಲಿಟ್ಟರೆ ಮುಳ್ಳು, ಎತ್ತಿದರೆ ಇನ್ನೊಂದು ಮುಳ್ಳು. ಅವನ ಕುಣಿತ ನೋಡಿ ಮಂದಿ, ಏನು ಉಮೇದಿ ಅಂತ ಚಪ್ಪಾಳೆ ತಟ್ಟಿದರು. ಹನ್ನೊಂದಕ್ಕೆ ದಾರಿಯ ಬಾಯಿಗೆ ಎದೆಮಟ್ಟ ಮುಳ್ಳಿನ ಬೇಲಿ ನಿಂತಿತು. ಎಂಟು ತಿಂಗಳ ಸುಖವನ್ನು ತನ್ನ ಕೈಯಿಂದಲೇ ಹುಗಿದದ್ದಕ್ಕೆ ಸಿದ್ದರಾಮನಿಗೆ ಕರುಳು ಚುರ್ ಅಂದಿತು. ಆದರೂ ಮರ್ಯಾದೆ ಉಳಿಯಿತಲ್ಲ! ನಿಟ್ಟುಸಿರು ಬಿಟ್ಟು ಚಹಾದ ಕಪ್ಪಿಗೆ ಕೈಚಾಚಿದ.

ಕಂಟಿಯ ಆ ಕಡೆಯಿಂದ ಅಮೋಘಸಿದ್ದಪ್ಪನ ದನಿ ಬಂತು.

"ಏ ಇಲ್ಲಿ ಬರ್ರಿ. ಗುಡಿ ಕಡಿಂದ ಇನ್ನೊಂದು ದಾರಿ ಬಂದು ಒಳಗ ಹೊಕ್ಕೈತಿ. ಇದು ಹೆಣ್ಣಮಗಳದು. ಬರಿಗಾಲು, ಕಾಲುಂಗರ ಮಣ್ಣಾಗ ಮೂಡೈತಿ. ಇವತ್ತ ನಸುಕಿನ್ಯಾಗ ಹೋಗ್ಯಾಳ."

ಗಂಡಸು ಈ ಕಡೆಯಿಂದ, ಹೆಣ್ಣು ಆ ಕಡೆಯಿಂದ! ಕೆಂಚವ್ವನ ಕಣ್ಣು ಹಬ್ಬದ ದೀಪದಂತೆ ಹೊಳೆದವು. ಹೆಂಗಸರೆಲ್ಲ ಒಬ್ಬರ ಕಾಲು ಒಬ್ಬರು ನೋಡಿದರು. ಸುನೀತಾ ಮಾತ್ರ ಮೆಲ್ಲಗೆ ಸೀರೆ ನಿರಿಗೆ ಜಗ್ಗಿ ಪಾದ ಮುಚ್ಚಿಕೊಂಡಳು. ಅದು ಸಿದ್ದರಾಮನ ಕಣ್ಣಿಗೆ ಬಿತ್ತು. ನಿರಿಗೆಯ ಅಂಚಿಗೆಲ್ಲ ಒಣಗಿದ ಎರೆಮಣ್ಣು.

ನಸುಕಿನಲ್ಲಿ ಬಸವಣ್ಣನ ಗುಡಿಗೆ ಹೋಗಿ ಬರ್ತೀನಿ ಅಂದಿದ್ದಳು. ಗುಡಿಯ ದಾರಿಗೆ ಫರಸಿಕಲ್ಲು ಹಾಸಿದೆ. ಎರೆಮಣ್ಣು ಎಲ್ಲಿಂದ ಬಂತು? ಆಹಾ! ನನಗೆ ಕರಿದದ್ದು ಬಂದ್ ಮಾಡಿ ಇವಳೇ ಕದ್ದು ಭಜಿ ತಿನ್ನುತ್ತಾಳೆ! ಸಿದ್ದರಾಮನಿಗೆ ಆದ ಆನಂದ ಏನು ಹೇಳಲಿ. ಇನ್ನು ಮನೆಯಲ್ಲಿ ರಾಜನಂತೆ ಇರಬಹುದು, ಕೂತಲ್ಲೇ ಭಜಿ ತರಿಸಿಕೊಳ್ಳಬಹುದು. ಆ ಆನಂದದಲ್ಲಿ ತನ್ನ ದಾರಿಯ ತುದಿಯೂ ಅಲ್ಲಿಗೇ ಅನ್ನುವುದು ಪೂರ್ತಿ ಮರೆತೇಹೋಯಿತು.

"ಮುಳ್ಳು ತಗೀರಿ!" ಅಂತ ಗುಡುಗಿದ.

"ಈಗರ ಹಾಕಿದೆಲ್ಲೋ!" ಅಂದರು ಹೊಳೆಯಪ್ಪ ಸರ್.

"ಸತ್ಯ ಹೊರಗ ಬರಬೇಕ್ರಿ ಸರ್. ಗಂಡಗ ಬುದ್ಧಿ ಹೇಳಿ ತಾವ ಅಡ್ಡದಾರಿ ಹಿಡಿಯೂ ಹೆಣ್ಮಕ್ಕಳು ಯಾರು ಅಂತ ಊರಿಗೆ ಗೊತ್ತಾಗಬೇಕು!"

"ಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ, ಮನಿಗೆ ಹೋಗೂಣು ಬರ್ರಿ" ಅಂದಳು ಸುನೀತಾ.

ಆ ಮಾತಿಗೆ ಸಿದ್ದರಾಮನಿಗೆ ಇನ್ನಷ್ಟು ಹುರುಪು ಬಂತು. ಎರಡು ತಾಸು ಒಟ್ಟಿದ ಮುಳ್ಳನ್ನು ಹತ್ತು ನಿಮಿಷದಲ್ಲಿ ಕಿತ್ತು ಬಿಸಾಡಿ, ಕುಂಟುತ್ತ ಮುಂದೆ ನಡೆದ. ಅವನ ಹಿಂದೆ ಸೀಟಿ, ಸೀಟಿಯ ಹಿಂದೆ ಊರು.

ಎರಡೂ ದಾರಿ ಭಜಿ ಅಂಗಡಿಯ ಹಿಂದಿನ ಬೆಂಚಿನ ಹತ್ತಿರ ಕೂಡಿದ್ದವು. ಬಾಣಲೆ ಮುಂದೆ ಕೂತಿದ್ದ ರಹಿಮಾನಸಾಬ ಇಷ್ಟು ಮಂದಿಯನ್ನು ನೋಡಿ ಹಿಗ್ಗಿ ಎದ್ದ.

"ಬರ್ರಿ ಸಾಹೇಬ್ರ! ದಿನಾ ಒಬ್ಬರ ಬರ್ತಿದ್ರಿ, ಇವತ್ತ ಊರನ್ನ ಕರಕೊಂಡು ಬಂದ್ರಲ್ಲಾ! ನಿಮ್ಮ ಬೆಂಚು ಖಾಲಿ ಐತಿ, ಕುಂದರ್ರಿ!"

ಅಷ್ಟೂ ಮಂದಿಯ ತಲೆ ಸಿದ್ದರಾಮನ ಕಡೆ ತಿರುಗಿದವು.

"ಹೋಗುವಾಗ ಖಾಲಿ, ಬರುವಾಗ ಭಾರ" ಅಂದ ಅಮೋಘಸಿದ್ದಪ್ಪ, ತನ್ನಷ್ಟಕ್ಕೆ ತಾನೇ ತಲೆಯಾಡಿಸುತ್ತ.

"ನಂದಿರ್ಲಿ ಬಿಡ್ರಿ!" ಅಂತ ಸಿದ್ದರಾಮ ಬೆವರಿದ. ಈ ಸಲ ನಿಜವಾದ ಬೆವರು. "ಮೊದಲ ಇಕಿ ಯಾಕ ಬರ್ತಾಳ ಕೇಳ್ರಿ! ಸಾಬ್ರ, ಖರೇ ಹೇಳ್ರಿ, ಇಕಿ ಎಷ್ಟು ಭಜಿ ತಿಂತಾಳ?"

ರಹಿಮಾನಸಾಬ ಸುನೀತಾಳ ಮುಖ ನೋಡಿದ. ಅವಳು ಇನ್ನೇನು ಅನ್ನುವಂತೆ ಕೈಯಾಡಿಸಿದಳು. ಅವನು ಮಸಾಲೆಯ ಸ್ಟೀಲ್ ಡಬ್ಬಿ ತಂದು ಬೆಂಚಿನ ಮೇಲಿಟ್ಟ.

"ಅಕ್ಕ ಒಂದು ಭಜಿನೂ ಮುಟ್ಟಿಲ್ರಿ. ವಾರಕ್ಕೊಮ್ಮೆ ಈ ಡಬ್ಬಿ ತುಂಬಿ ಕೊಟ್ಟು ಹೋಗ್ತಾರ. ಇವರ ಭಜಿ ಮ್ಯಾಲೆ ಇದನ್ನ ಎರಡು ಚಮಚಾ ಹಾಕು, ನಾಲ್ಕರ ಮ್ಯಾಲೆ ಕೊಡಬ್ಯಾಡ, ಹಿಟ್ಟು ಮುಗೀತು ಅನ್ನು ಅಂತ ಹೇಳ್ಯಾರ್ರಿ."

ಕೆಂಚವ್ವ ಡಬ್ಬಿ ಕಸಿದುಕೊಂಡು ಬುಡ ಮೇಲೆ ಮಾಡಿದಳು. ಅಲ್ಲಿ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಕೆತ್ತಿತ್ತು: ಸಿದ್ದರಾಮ–ಸುನೀತಾ ಮದುವೆಗೆ ಕೆಂಚವ್ವನಿಂದ.

"ಅಯ್ಯ ಶಿವನ! ಇದು ನಾ ಮಾಡಿದ ಆಯೇರಿ ಡಬ್ಬಿ! ದಿನಾ ಮುಂದ ಇಟಗೊಂಡು ತಿಂದೀಯಲ್ಲೋ ಸಿದ್ದ್ಯಾ, ನಿನ್ನ ಡಬ್ಬಿನ ನಿನಗ ಗುರ್ತ ಸಿಗಲಿಲ್ಲೇನೋ?"

ಸಿದ್ದರಾಮ ಬೆರಳಿಂದ ಮಸಾಲೆ ಮುಟ್ಟಿ ನೆಕ್ಕಿದ. ಹುಳಿ ಇತ್ತು, ಖಾರ ಇತ್ತು. ಹಿಂದಿನಿಂದ ಬಂದದ್ದು ಹಾಗಲಕಾಯಿ, ಮೆಂತೆ, ನೇರಳೆ ಬೀಜ.

"ಮನ್ಯಾಗ ಕೊಟ್ರ ಎಮ್ಮಿಗೆ ಹಾಕು ಅಂದ್ರಿ" ಅಂದಳು ಸುನೀತಾ. "ನೀವು ಇಲ್ಲಿ ಬರೂದು ಎರಡನೇ ವಾರಕ್ಕ ಗೊತ್ತಾತು. ಭಜಿ ಹೊಟ್ಟಿಗೆ ಹೋದ್ರ ಹೋಗ್ಲಿ, ಹುಳಿ ಖಾರ ಬೆರಸಿದ ಪುಡಿನೂ ಸೇರ್ತೈತೆಲ್ಲಾ ಅಂತ ಸುಮ್ಮನಿದ್ದೆ. ಇನ್ನೂ ಒಂದೆರಡು ವರ್ಷ ಆರಾಮ ತಿಂದು ಆರಾಮ ಇರ್ತಿದ್ರಿ. ಸಂದಿ ಬಿಡ್ರಿ ಅಂದೆ, ಬಿಡಲಿಲ್ಲ. ಮನಿಗೆ ಹೋಗೂಣು ಅಂದೆ, ಬರಲಿಲ್ಲ. ಈಗ ಊರಿಗೇ ಗೊತ್ತಾತು, ನಾಳೆ ಡಾಕ್ಟರಗೂ ಗೊತ್ತಾಗ್ತೈತಿ. ಇವತ್ತಿನಿಂದ ಭಜಿ ಬಂದ್, ಪುಡಿ ಚಾಲೂ. ಬಾಯಿ ತಗೀರಿ."

ಊರ ಮುಂದೆ ಸಿದ್ದರಾಮ ಬಾಯಿ ತೆರೆದ. ಒಂದು ಚಮಚ ಬಿತ್ತು. ಭಜಿಯಿಲ್ಲದ ಆ ಪುಡಿ, ದೇವರಾಣೆ, ಮಣ್ಣಿಗಿಂತ ಕಡೆ. ಉಗುಳೋಣ ಅಂದರೆ ನಲವತ್ತು ಕಣ್ಣು ಅವನನ್ನೇ ನೋಡುತ್ತಿದ್ದವು. ಗಟಕ್ಕನೆ ನುಂಗಿದ.

ಉಳಿದವರ ಬಾಯಲ್ಲಿ ಮಾತ್ರ ನೀರೂರಿತ್ತು. "ಎಂಥಾದ್ದು ಅದು ಮಸಾಲಿ, ನಮಗೂ ಒಂದೊಂದು ಪ್ಲೇಟ್ ಹಾಕು" ಅಂದರು ಸರ್. ತಿಂದು, ಬೆರಳು ಚೀಪಿ, ಮತ್ತೆ ಸೀಟಿ ಊದಿದರು. "ನಡೀರಿ! ಈ ದಾರಿ ಅಗಲ ಮಾಡೂಣು, ಗರಸು ಹಾಕೂಣು. ಕ್ಯಾಪ್ಟನ್ ಸಿದ್ದರಾಮಂದ ಉಸ್ತುವಾರಿ!"

ಈಗ ಆ ದಾರಿ ನಾಲ್ಕು ಅಡಿ ಅಗಲವಿದೆ. ಬೇವಿನ ಗಿಡದ ಹತ್ತಿರ 'ಸಿದ್ದರಾಮ ದಾರಿ' ಅಂತ ಬೋರ್ಡೂ ನಿಂತಿದೆ. ಬೆಳಿಗ್ಗೆ ಊರಿನ ಅರ್ಧ ಮಂದಿ ಅದರ ಮೇಲೆ ಭಜಿಗೆ ಹೋಗುತ್ತಾರೆ. ಸುನೀತಾಳ ಪುಡಿ ರಹಿಮಾನಸಾಬನಿಗೆ ವಾರಕ್ಕೆ ಎರಡು ಕಿಲೋ ಸಾಲದು. ರವಿವಾರ ಬಂತೆಂದರೆ ಕ್ಯಾಪ್ಟನ್ ಆ ದಾರಿಯ ಕರಿಕೆ ಕೀಳುತ್ತಾನೆ, ಮುಳ್ಳು ಆರಿಸುತ್ತಾನೆ, ಗಾಳಿ ಆ ಕಡೆಯಿಂದ ಬೀಸಿದರೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾನೆ. ಬೋರ್ಡು ದಾಟಿ ಹೋಗಲು ಮಾತ್ರ ಅವನಿಗೆ ಪರವಾನಗಿ ಇಲ್ಲ. ಕಾಯಲು ಅಮೋಘಸಿದ್ದಪ್ಪ ದಿನಾ ಬೇವಿನ ಬುಡಕ್ಕೆ ಕೂತಿರುತ್ತಾನೆ.

ಹೋದ ರವಿವಾರ ಮುದುಕ ಬಗ್ಗಿ ನೆಲ ನೋಡಿ, "ಸಿದ್ದ್ಯಾ, ನಿನ್ನೆ ಸಂಜಿಮುಂದ ಬೋರ್ಡ್ ದಾಟಿ ಎರಡು ಹೆಜ್ಜಿ ಹೋಗಿದ್ದೆಲ್ಲಾ?" ಅಂತ ಕೇಳಿದ.

"ವಾಸನಿ ನೋಡಾಕ ಹೋಗಿದ್ದೆ ಕಾಕಾ" ಅಂದ ಸಿದ್ದರಾಮ.

"ಹೌದ ಬಿಡು, ಬರೂ ಹೆಜ್ಜಿನೂ ಹಗರ ಬಿದ್ದಾವ" ಅಂದ ಮುದುಕ. ಸೊಂಟದ ಚೀಲ ಬಿಚ್ಚಿ, ಎಣ್ಣೆ ಹತ್ತಿದ ಕಾಗದದಿಂದ ಒಂದು ಬಿಸಿ ಭಜಿ ತೆಗೆದು, ಸಿದ್ದರಾಮನ ಎದುರಿಗೇ ಕುರುಂ ಕುರುಂ ತಿನ್ನತೊಡಗಿದ.