ಒಂದೇ ಡೋಸು

ಹರ್ನಿಯಾ ಆಪರೇಷನ್ನಿಗೆ ಆಂಟಿಬಯೋಟಿಕ್ ಒಂದೇ ಡೋಸು ಸಾಕು ಎಂದು ಡಾಕ್ಟರು ಹೇಳಿದ್ದನ್ನು ಕಾವೂರಿನ ಸರ್ವೋತ್ತಮ ಶೆಟ್ಟರು ಬಾಯಿ ತಪ್ಪಿ ನೆರೆಮನೆಯ ರುಡೊಲ್ಫ್ ಪಿಂಟೋರಿಗೆ ಹೇಳಿಬಿಟ್ಟರು. ಎಡವಟ್ಟು ಶುರುವಾದದ್ದೇ ಅಲ್ಲಿ.

ಆಪರೇಷನ್ನಿನ ಬೆಳಿಗ್ಗೆ ಶೆಟ್ಟರು ಆಸ್ಪತ್ರೆಯ ಗೌನಿನ ಹಿಂದಿನ ಲಾಡಿಯನ್ನು ಭದ್ರವಾಗಿ ಹಿಡಿದುಕೊಂಡು ಮಂಚದಲ್ಲಿ ಕೂತಿದ್ದರು. ನರ್ಸ್ ಮೆಲಿಸಾ ಆ ಒಂದು ಡೋಸನ್ನು ಕೈಯ ನರಕ್ಕೆ ಹತ್ತಿಸಿ, "ಈಗ ಟ್ರಾಲಿ ಬರ್ತದೆ" ಎಂದು ಹೋದಳು. ಅವಳು ಅತ್ತ ಹೋದದ್ದೇ ರುಡೊಲ್ಫ್ ದಂಪತಿ ಇತ್ತ ನುಗ್ಗಿದರು.

"ಎಂತ ಶೆಟ್ರೇ, ಒಂದೇ ಡೋಸಾ? ಇವರು ಸ್ಯಾಂಪಲ್ ಕೊಡುವುದಾ? ಕುವೈಟಲ್ಲಿ ನನಗೆ ಅಪೆಂಡಿಕ್ಸ್ ತೆಗೆದಾಗ ವಾರಗಟ್ಟಲೆ ಕೊಟ್ಟಿದ್ದಾರೆ. ಇದು ಹಲ್ಲು ಕಿತ್ತಾಗ ಉಳಿದ ಮಾತ್ರೆ, ನುಂಗಿ," ಎಂದರು ರುಡೊಲ್ಫರು.

"ಇದು ನನ್ನ ಕೆಮ್ಮಿಂದು," ಎಂದು ಅವರ ಹೆಂಡತಿ ಬೆನಿಟಾ ಇನ್ನಷ್ಟು ಮಾತ್ರೆ ಚಾಚಿದರು.

ಮಂಚದ ಬದಿಯಲ್ಲಿದ್ದ ಶೆಟ್ಟರ ಹೆಂಡತಿ ವಿನೋದಾ ಕೂಡ, "ತೆಗೊಳ್ಳಿ, ಪಾಪ, ಅಷ್ಟು ದೂರದಿಂದ ತಂದಿದ್ದಾರೆ" ಎಂದರು.

ಶೆಟ್ಟರು ಹುಟ್ಟಿದ ಮೇಲೆ ಯಾರಿಗೂ 'ಬೇಡ' ಎಂದವರಲ್ಲ. ಮಾರುವವನಿಗೆ ಬೇಜಾರಾಗಬಾರದೆಂದು ಮನೆಗೆ ಮೂರು ಮಿಕ್ಸಿ ತಂದವರು. ಆದರೆ ಇವತ್ತು ಕತ್ತರಿಸುವುದು ಅವರದೇ ಹೊಟ್ಟೆ. ಡಾಕ್ಟರು ವಿವರಿಸಿದ್ದೂ ನೆನಪಿತ್ತು. ಅವರು ಎದ್ದು ನಿಂತರು.

"ಕೇಳಿ ರುಡೊಲ್ಫರೇ! ಡಾಕ್ಟ್ರ ಚೂರಿ ತಾಗುವ ಮೊದಲೇ ಮದ್ದು ರಕ್ತದಲ್ಲಿ ರೆಡಿ ಇರಬೇಕು. ಇದ್ದರೆ ಕ್ರಿಮಿ ಒಳಗೆ ಬಂದ ಕೂಡಲೇ ಸಾಯ್ತದೆ. ಹೊಲಿಗೆ ಹಾಕಿದ ಮೇಲೆ ವಾರಗಟ್ಟಲೆ ನುಂಗುವುದು ಊಟ ಮುಗಿದ ಮೇಲೆ ಬಾಳೆ ಎಲೆ ಹಾಸಿದ ಹಾಗೆ! ಹೊಟ್ಟೆಯೂ ಹಾಳು, ಕ್ರಿಮಿಗಳಿಗೂ ಆ ಮದ್ದು ಅಭ್ಯಾಸ. ಮತ್ತೆ ನಿಜವಾಗಿ ಬೇಕಾದಾಗ ಅದು ನಾಟುವುದೇ ಇಲ್ಲ. ನನಗೆ ಬೇಡ!"

ಪಕ್ಕದ ಮಂಚದಲ್ಲಿದ್ದ ಬೆಂಗ್ರೆಯ ಚೆನ್ನಪ್ಪ ಚಪ್ಪಾಳೆ ತಟ್ಟಿದ. ರುಡೊಲ್ಫರು ಮಾತ್ರೆಗಳನ್ನು ಮೆಲ್ಲ ಜೇಬಿಗಿಳಿಸಿ, "ನನಗೆ ಇದೆಲ್ಲ ಗೊತ್ತಿರಲಿಲ್ಲ ಮಾರಾಯ್ರೇ" ಎಂದರು. ವಿನೋದಾ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದರು. ಲಾಡಿ ಬಿಚ್ಚಿಹೋದದ್ದೂ ಗೊತ್ತಾಗದೆ ಶೆಟ್ಟರು ಕೋಳಿ ಅಂಕ ಗೆದ್ದ ಹುಂಜದಂತೆ ಎದೆ ಉಬ್ಬಿಸಿ ನಿಂತಿದ್ದರು.

"ಎಷ್ಟು ಚಂದ ಹೇಳಿದ್ರಿ ಶೆಟ್ರೇ! ಗಂಟಲು ಒಣಗಿರಬೇಕು," ಎಂದು ಬೆನಿಟಾ ಚೀಲದಿಂದ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟರು. ಗೆದ್ದ ಗುಂಗಿನಲ್ಲಿ ಶೆಟ್ಟರು ಗಟಗಟ ಕುಡಿದರು.

ಟ್ರಾಲಿ ಒಳಗೆ ಬಂದದ್ದು ಆಗ.

"ಎಂತ ಕುಡಿದದ್ದು?" ಮೆಲಿಸಾ ಕಿರುಚಿದಳು.

"ಚಾ..."

"ಹಾಲು ಹಾಕಿದ್ದಾ?"

"ಹಾಲು ಹಾಕದೆ ಅದೆಂತ ಚಾ ಸಿಸ್ಟರ್?" ಎಂದು ಬೆನಿಟಾ ಮುಖ ದಪ್ಪ ಮಾಡಿದರು.

"ಖಾಲಿ ಹೊಟ್ಟೆಯಲ್ಲಿ ಇರಿ ಅಂತ ನಿನ್ನೆಯಿಂದ ಹೇಳ್ತಾ ಇದ್ದೇವೆ! ಹಾಲು ಹೋದ್ರೆ ಇನ್ನು ಆರು ಗಂಟೆ ಅನಸ್ತೇಶಿಯಾ ಕೊಡ್ಲಿಕ್ಕೆ ಆಗುವುದಿಲ್ಲ. ಆಪರೇಷನ್ ನಾಳೆ." ಟ್ರಾಲಿ ಚೆನ್ನಪ್ಪನ ಕಡೆ ತಿರುಗಿತು.

ಶೆಟ್ಟರು ಕುಸಿದು ಕೂತರು. "ಮತ್ತೆ... ಈಗ ಕೊಟ್ಟ ಡೋಸು?"

"ಅದು ಇವತ್ತಿಗೆ ಮುಗೀತು. ನಾಳೆ ಪುನಃ ಕೊಡ್ಬೇಕು."

ಬಾಗಿಲವರೆಗೆ ಹೋಗಿದ್ದ ರುಡೊಲ್ಫರು ಗಕ್ಕನೆ ನಿಂತರು. ಅವರ ಮುಖ ಹಬ್ಬದ ದಿನದಂತೆ ಬೆಳಗಿತು.

"ನೋಡಿ ಶೆಟ್ರೇ! ಒಂದು ಡೋಸು ಸಾಲುವುದಿಲ್ಲ ಅಂತ ನಾನು ಆಗಲೇ ಹೇಳಲಿಲ್ವಾ?"